ಬೆನ್ನ ಹಿಂದಿನ ಬಾಗಿಲು

"ಅಷ್ಟು ವರ್ಷ ಅಂಥ ಜನರ ಎದುರಿಗೆ ಕೂತಿದ್ರಲ್ಲ ಆಂಟಿ, ಸೇಫ್ಟಿಗೆ ಕೈಯಲ್ಲಿ ಏನಿಟ್ಕೊಂಡಿದ್ರಿ?" ಎಂದು ಹೊಸದಾಗಿ ಕೌಂಟರ್ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ. ಪೆನ್ನು ಎನ್ನುತ್ತೇನೆ. ಅದೂ ಮೇಜಿಗೆ ದಾರ ಕಟ್ಟಿದ ಪೆನ್ನು. ಅವರು ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ. ಈ ದೇಶದಲ್ಲಿ ಅಂಗಡಿಯವನ ಗಲ್ಲಾಪೆಟ್ಟಿಗೆಯ ಕೆಳಗೆ ಬಂದೂಕು ಇರುವುದಿಲ್ಲ. ನಾನು ದುಡಿದ ಆಸ್ಪತ್ರೆಯ ಕಾವಲುಗಾರರ ಸೊಂಟದಲ್ಲಿಯೂ ಇರಲಿಲ್ಲ. ಅದು ಒಳ್ಳೆಯದೇ, ನಾನು ಬೇಡವೆಂದವಳಲ್ಲ. ಆದರೆ ಎದುರಿಗಿರುವವನು ತಲೆ ಕೆಟ್ಟು ಕುರ್ಚಿ ಎತ್ತಿದಾಗ ಆ ಒಳ್ಳೆಯತನ ಕುರ್ಚಿಯನ್ನು ತಡೆಯುವುದಿಲ್ಲ. ಆಗ ಏನು ಮಾಡುವುದು ಎಂಬ ಹೆದರಿಕೆಯೇ ನನ್ನ ಕೆಲಸವಾಗಿತ್ತು ಎಂದರೂ ತಪ್ಪಲ್ಲ.

ನನ್ನ ಹೆಸರು ಹಿಲ್ಡಾ. ಊರು ಮಂಗಳೂರು. ಮನೆಮಾತು ಕೊಂಕಣಿ, ಶಾಲೆ ಕಲಿತದ್ದು ಕನ್ನಡದಲ್ಲಿ. ಮದುವೆಯಾಗಿ ಸಿಡ್ನಿಗೆ ಬಂದು ಅಲ್ಲಿನ ಪಶ್ಚಿಮ ಸಬರ್ಬ್ ಒಂದರ ಸರ್ಕಾರಿ ಆಸ್ಪತ್ರೆಯಲ್ಲಿ ತುರ್ತು ವಿಭಾಗದ ಮುಂದಿನ ಕೌಂಟರಿನಲ್ಲಿ ಕೂತೆ. ಬಂದವರ ಹೆಸರು, ವಿಳಾಸ ಬರೆದುಕೊಂಡು ಕಾಯಿರಿ ಎನ್ನುವ ಕೆಲಸ. ಕಾಯಿರಿ ಎಂಬ ಮಾತು ಮನುಷ್ಯನಿಗೆ ಎಷ್ಟು ಸಿಟ್ಟು ತರಿಸುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನ ಮೇಲಿನವಳು ಮೌರೀನ್ ಎಂಬ ದಪ್ಪನೆಯ, ಕೆಂಪು ಮುಖದ ಹೆಂಗಸು. ಮೊದಲ ದಿನ ಕಂಪ್ಯೂಟರ್ ತೋರಿಸುತ್ತಾಳೆ ಎಂದುಕೊಂಡು ಹೋದೆ. ಅವಳು ಕಂಪ್ಯೂಟರ್ ಮುಟ್ಟಲೇ ಇಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಹೋಗಿ ನಿಂತು, ಏಕಾಏಕಿ ಮೇಜಿಗೆ ಬಡಿದು, "ಏಳು, ಓಡು!" ಎಂದು ಕಿರುಚಿದಳು. ನಾನು ಎದ್ದೆ, ಚಕ್ರದ ಕುರ್ಚಿ ಹಿಂದಕ್ಕೆ ಜಾರಿತು, ಅದರ ಕಾಲಿಗೆ ನನ್ನ ಕಾಲು ಸಿಕ್ಕಿ ಮಕಾಡೆ ಬಿದ್ದೆ. "ಈಗ ಗೊತ್ತಾಯಿತಲ್ಲ? ಮೊದಲು ಬಾಗಿಲು ನೋಡು. ಆಮೇಲೆ ಕುರ್ಚಿ ಇಡು. ಹೆಸರು ಬರೆಯುವುದು ಎಲ್ಲಕ್ಕಿಂತ ಕೊನೆಗೆ" ಎಂದಳು. ಆಮೇಲೆ ನನ್ನ ಕೊರಳಿನ ಕರಿಮಣಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಯಾರಾದರೂ ಇದನ್ನು ಹಿಡಿದು ಎಳೆದರೆ ನಿನ್ನ ತಲೆ ಕೌಂಟರಿನ ಆಚೆಗೆ ಬರುತ್ತದೆ, ಅಂಗಿಯೊಳಗೆ ಹಾಕು ಎಂದಳು. ಮದುವೆಯ ಕರಿಮಣಿಯನ್ನು ಪರಕೀಯಳೊಬ್ಬಳು ಮುಟ್ಟಿದಳಲ್ಲ ಎಂದು ನನಗೆ ಆ ದಿನವೆಲ್ಲ ಉರಿಯುತ್ತಿತ್ತು. ಒಂದು ವಾರದೊಳಗೆ, ನನ್ನ ಪಕ್ಕದಲ್ಲಿ ಕೂತ ಹುಡುಗಿಯ ಕೊರಳಪಟ್ಟಿಯನ್ನು ಕುಡಿದವನೊಬ್ಬ ಹಿಡಿದು ಜಗ್ಗಿದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ನನ್ನ ಕರಿಮಣಿ ಅಂಗಿಯೊಳಗೇ ಇದೆ, ಇವತ್ತಿಗೂ.

ಮೌರೀನ್ ದಿನಾ ಬೆಳಿಗ್ಗೆ ಬಂದವಳೇ ಮೇಜನ್ನು ಖಾಲಿ ಮಾಡುತ್ತಿದ್ದಳು. ಸ್ಟೇಪ್ಲರ್ ಒಳಗೆ, ಹೂದಾನಿ ಒಳಗೆ, ಬಿಸಿ ಚಹಾದ ಲೋಟ ಒಳಗೆ. ಎಸೆಯಲು ಆಗುವಂಥದ್ದು ಯಾವುದೂ ಕೌಂಟರಿನ ಮೇಲೆ ಇರಕೂಡದು. ಕ್ರಿಸ್ಮಸ್‌ಗೆ ನಾನು ತಂದಿಟ್ಟ ಗಾಜಿನ ಗೋದಲಿಯನ್ನೂ ಬಿಡಲಿಲ್ಲ. "ಬಾಲಯೇಸು ತುಂಬ ಚೆನ್ನಾಗಿದ್ದಾನೆ. ಹಣೆಗೆ ಬಡಿದರೆ ಹೊಲಿಗೆ ಹಾಕಬೇಕಾಗುತ್ತದೆ" ಎಂದು ಡ್ರಾಯರಿನಲ್ಲಿಟ್ಟಳು.

ಮೇಜಿನ ಕೆಳಗೆ, ಮೊಣಕಾಲಿನ ಹತ್ತಿರ, ಅಪಾಯದ ಗುಂಡಿ ಇತ್ತು. ಒತ್ತಿದರೆ ಹೊರಗೆ ಸದ್ದಿಲ್ಲ. ಆದರೆ ಒಳಗೆಲ್ಲ 'ಕೋಡ್ ಬ್ಲ್ಯಾಕ್' ಎಂದು ಸುದ್ದಿ ಹೋಗಿ ಕಾವಲಿನವರು ಓಡಿ ಬರುತ್ತಾರೆ. ಸೇರಿದ ಹೊಸದರಲ್ಲಿ ಕಾಲ ಮೇಲೆ ಕಾಲು ಹಾಕುವಾಗ ಅದು ಒತ್ತಿಹೋಯಿತು. ನನಗೆ ಗೊತ್ತಾಗಲಿಲ್ಲ. ಎದುರಿಗೆ ಊರುಗೋಲು ಹಿಡಿದ ಅಜ್ಜ ಪಾಪ, ಶೌಚಾಲಯ ಎಲ್ಲಿ ಎಂದು ಕೇಳುತ್ತಿದ್ದರು. ಮೂರು ದಿಕ್ಕಿನಿಂದ ಗಟ್ಟಿಮುಟ್ಟಾದ ಗಂಡಸರು ಬಂದು ಅಜ್ಜನನ್ನು ಸುತ್ತುವರಿದರು. ಅಜ್ಜ ಎರಡೂ ಕೈ ಮೇಲಕ್ಕೆತ್ತಿದರು, ಊರುಗೋಲು ಬಿತ್ತು. ಆಮೇಲೆ ಶೌಚಾಲಯದ ಅಗತ್ಯವೂ ಉಳಿಯಲಿಲ್ಲ. ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ಅಲ್ಲಿಂದ ಮೊಣಕಾಲನ್ನು ಆ ಗುಂಡಿಯಿಂದ ಆದಷ್ಟು ದೂರವಿಟ್ಟು, ಸೊಟ್ಟಗೆ ಕೂರುವ ಅಭ್ಯಾಸವಾಯಿತು.

ಸಿಡ್ನಿಯ ಇನ್ನೊಂದು ಸಂಗತಿ ಹೇಳಬೇಕು. ಇದನ್ನು ನಾನು ಮುಂದೆ ಹೊಸಬರಿಗೆ ನಡೆಸಿದ ತರಗತಿಗಳಲ್ಲಿ ಯಾವತ್ತೂ ಹೇಳಿದವಳಲ್ಲ. ಒಂದು ಮಧ್ಯಾಹ್ನ ಕಾಯುವ ಜಾಗದಲ್ಲಿ ಕೂತ ಮುದುಕಿಯೊಬ್ಬಳು ಬೆವರುತ್ತಿದ್ದಳು. ನೀರು ಕೊಡೋಣವೆಂದು ನಾನು ಕೌಂಟರಿನ ಪಕ್ಕದ ಬಾಗಿಲು ತೆರೆದು ಹೊರಗೆ ಹೋದೆ. ಅಷ್ಟರಲ್ಲಿ ಮೂಲೆಯಲ್ಲಿದ್ದ ಯುವಕನೊಬ್ಬ, ಯಾವ ಮಾತ್ರೆ ನುಂಗಿದ್ದನೋ ದೇವರೇ ಬಲ್ಲ, ಗ್ಲುಕೋಸ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬ ಎತ್ತಿಕೊಂಡು ಬೀಸತೊಡಗಿದ. ನಾನು ತಿರುಗಿ ಓಡಿದೆ. ಒಳಗಿದ್ದ ಸಹೋದ್ಯೋಗಿ ಕ್ಯಾರನ್, ನಿಯಮ ಹೇಗೆ ಹೇಳುತ್ತದೋ ಹಾಗೆಯೇ, ಬಾಗಿಲು ಎಳೆದುಕೊಂಡಳು. ಟಕ್ ಎಂದು ಬೀಗ ಬಿತ್ತು. ನಾನು ಹೊರಗೆ ಉಳಿದೆ. ನನ್ನ ಹೆಗಲ ಎಲುಬು ಮುರಿಯಿತು, ಆಮೇಲೆ ಕಾವಲಿನವರು ಬಂದರು. ಕ್ಯಾರನ್ ವಾರ್ಡಿಗೆ ಬಂದು ನನ್ನ ಹಾಸಿಗೆಯ ಪಕ್ಕ ಕೂತು ಅತ್ತಳು. ನೀನು ಮಾಡಿದ್ದು ಸರಿ ಎಂದು ಹೇಳಿ ಸಮಾಧಾನ ಮಾಡಿದೆ. ಬಾಯಿಮಾತಿಗೆ ಹೇಳಿದ್ದಲ್ಲ, ನಿಜಕ್ಕೂ ಸರಿಯೇ. ತೆರೆದಿಟ್ಟಿದ್ದರೆ ಇಬ್ಬರಿಗೂ ಬೀಳುತ್ತಿತ್ತು, ಒಳಗಿದ್ದ ರೋಗಿಗಳಿಗೂ. ಎಲುಬು ಕೂಡಿತು. ಆ ಟಕ್ ಸದ್ದು ಮಾತ್ರ ಕಿವಿಯಿಂದ ಹೋಗಲಿಲ್ಲ. ಈಗಲೂ ಯಾರಾದರೂ ಬಾಗಿಲು ಎಳೆದುಕೊಂಡರೆ ನನ್ನ ಎದೆ ಧಸಕ್ ಎನ್ನುತ್ತದೆ.

ನನ್ನ ಗಂಡ ವಿಲ್ಫ್ರೆಡ್‌ಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಡ್ಯಾಂಡಿನಾಂಗ್‌ನಲ್ಲಿ, ಜನರಿಗೆ ಭತ್ಯೆ, ಮನೆಬಾಡಿಗೆಯ ನೆರವು ಇತ್ಯಾದಿ ಕೊಡಿಸುವ ಕಚೇರಿಯೊಂದರಲ್ಲಿ ಮತ್ತೆ ಕೌಂಟರ್. ಅಲ್ಲಿನ ಮ್ಯಾನೇಜರ್ ಟ್ರೆವರ್ ಒಳ್ಳೆಯ ಮನುಷ್ಯ, ತಲೆಯಲ್ಲಿ ಮಾತ್ರ ವಾರಕ್ಕೊಂದು ಹೊಸ ಹುಳ. ಕೌಂಟರಿಗೆ ಗಾಜು ಇದ್ದರೆ ಜನರಿಗೆ ಜೈಲಿನ ಹಾಗೆ ಅನಿಸುತ್ತದೆ, ಅದಕ್ಕೇ ಸಿಟ್ಟು ಎಂದು ಗಾಜು ತೆಗೆಸಿದ. ಸೋಫಾ ಹಾಕಿಸಿದ. ಜನ ಸಂತೋಷವಾಗಿ ಸೋಫಾದ ಮೇಲೆ ಕೂತು ಬೈದರು. ಒಬ್ಬ ಕುರ್ಚಿ ಎಸೆದ ಮೇಲೆ ಗಾಜು ಮೊದಲಿಗಿಂತ ಎತ್ತರವಾಗಿ ವಾಪಸು ಬಂತು.

ಆಮೇಲೆ ಟ್ರೆವರ್‌ಗೆ ಕರಾಟೆಯ ಹುಳ ಹೊಕ್ಕಿತು. ತರಬೇತುದಾರನೊಬ್ಬ ಬಂದು, ಯಾರಾದರೂ ಮಣಿಕಟ್ಟು ಹಿಡಿದರೆ ಹೀಗೆ ತಿರುಗಿಸಿ ಹಾಗೆ ಬಿಡಿಸಿಕೊಳ್ಳಿ ಎಂದು ತೋರಿಸಿದ. ನಾನು ಹೀಗೆ ತಿರುಗಿಸುವ ಬದಲು ಹಾಗೆ ತಿರುಗಿಸಿ ನನ್ನದೇ ಮಣಿಕಟ್ಟು ಉಳುಕಿಸಿಕೊಂಡೆ. ಮನೆಗೆ ಹೋದರೆ ವಿಲ್ಫ್ರೆಡ್, "ಹೊಡೆದವ ಯಾರು?" ಎಂದರು. ಯಾರೂ ಇಲ್ಲ, ನಾನೇ ಎಂದೆ. "ಹಾಗಾದ್ರೆ ಅವಳಿಂದ ದೂರ ಇರು ಮಾರಾಯ್ತಿ" ಎಂದು ಎಣ್ಣೆ ತಿಕ್ಕಿದರು.

ಆ ಉಳುಕಿನಿಂದಲೇ ನನ್ನ ಮುಂದಿನ ಕೆಲಸ ಹುಟ್ಟಿತು. ನಮ್ಮಂಥವರಿಗೆ ಕೈ ತಿರುಗಿಸುವುದು ಬೇಡ, ನಡೆದು ತೋರಿಸಿದರೆ ಸಾಕು ಎಂದು ಟ್ರೆವರ್‌ಗೆ ಹೇಳಿದೆ. ಮೌರೀನ್ ನನ್ನನ್ನು ಬೀಳಿಸಿದ ಹಾಗೆ ಪ್ರತಿಯೊಬ್ಬರನ್ನೂ ಅವರವರ ಕುರ್ಚಿಯಿಂದ ಎಬ್ಬಿಸಿ ಓಡಿಸಿದೆ. ಎಡವಿದ್ದೆಲ್ಲವನ್ನೂ ತೆಗೆಸಿದೆ. ಕೊನೆಯ ವರ್ಷಗಳಲ್ಲಿ ಅದನ್ನೇ ಬೇರೆ ಕಚೇರಿಗಳಿಗೂ ಹೋಗಿ ಕಲಿಸಿದೆ. ಡಾಕ್‌ಲ್ಯಾಂಡ್ಸ್‌ನ ಗಾಜಿನ ಕಟ್ಟಡಗಳಲ್ಲಿ ಟೈ ಕಟ್ಟಿದವರನ್ನೂ ಓಡಿಸಿದ್ದೇನೆ. ನಾನು ಕಲಿಸಿದ್ದು ದೊಡ್ಡ ವಿದ್ಯೆಯಲ್ಲ. ಕೈಗೆಟುಕದಷ್ಟು ದೂರ ನಿಲ್ಲಿ. ಅಂಗೈ ತೋರಿಸಿ ಮಾತಾಡಿ, ದನಿ ಅವನದಕ್ಕಿಂತ ತಗ್ಗಿರಲಿ. ಒಳಗೆ ಹೋಗಲು ಒಂದು ನೆಪ ಹೇಳಿ, ಕೇಳಿಕೊಂಡು ಬರುತ್ತೇನೆ ಎಂದರೆ ಸಾಕು. ಹೋದವರು ಬರಬೇಡಿ. ಚೀಲದಲ್ಲಿ ಪಿನ್ ಎಳೆದರೆ ಕಿರುಚುವ ಸಣ್ಣ ಅಲಾರಂ ಇರಲಿ. ಎಲ್ಲಕ್ಕಿಂತ ಮುಖ್ಯ, ಬೆನ್ನ ಹಿಂದೆ ಬಾಗಿಲಿರಲಿ. ಒಳಗೆ ಹೋಗಿ ಮುಚ್ಚಿಕೊಳ್ಳಿ, ತಿರುಗಿ ನೋಡಬೇಡಿ. ಈ ಕೊನೆಯ ಮಾತು ಹೇಳುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ನಿವೃತ್ತಳಾದ ಮೇಲೂ ಈ ರೋಗ ಬಿಡಲಿಲ್ಲ. ಇಗರ್ಜಿಗೆ ಹೋದರೆ ಮೊದಲು ಪಕ್ಕದ ಬಾಗಿಲಿಗೆ ಬೀಗ ಇದೆಯೇ ಎಂದು ನೋಡುತ್ತೇನೆ. "ದೇವರು ಎದುರಿಗೆ ಉಂಟು, ನೀನು ಹಿಂದೆ ಎಂತ ನೋಡುದು?" ಎಂದು ವಿಲ್ಫ್ರೆಡ್ ಗದರುತ್ತಾರೆ.

ಇಂಥ ನನ್ನ ಮನೆಗೆ, ಕ್ರಾನ್‌ಬರ್ನ್‌ಗೆ, ಭಾಗ್ಯಶ್ರೀ ಬಾಡಿಗೆಗೆ ಬಂದಳು. ಹಾವೇರಿಯವಳು. ಹುಬ್ಬಳ್ಳಿಯಲ್ಲಿ ಬಿ.ಫಾರ್ಮ್ ಮಾಡಿ, ಇಲ್ಲಿ ಬಂದು ಇನ್ನೊಂದು ಕೋರ್ಸ್ ಓದಿ, ನಮ್ಮ ಮನೆಯ ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾಲೀಕ ದಿನೇಶ್ ಭಾಯ್ ಗುಜರಾತಿನವನು, ತಾನೇ ಫಾರ್ಮಸಿಸ್ಟ್. ಇಲ್ಲೇ ಕಾಯಂ ಉಳಿಯಲು ಭಾಗ್ಯಳಿಗೆ ಬೇಕಿದ್ದ ಪಿಆರ್‌ಗೆ ಅವನದೇ ಸ್ಪಾನ್ಸರ್. ಅರ್ಜಿ ಸರ್ಕಾರದ ಮುಂದಿತ್ತು. ಇಲ್ಲಿ ಪಿಆರ್ ಕಾಯುವವರನ್ನು ನೀವು ನೋಡಿದ್ದೀರಲ್ಲ? ಟಿಕೆಟ್ ಚೆಕಿಂಗ್ ಕಂಡರೂ ನಡುಗುತ್ತಾರೆ, ಮಾಲೀಕ ಕೆಮ್ಮಿದರೂ ನಡುಗುತ್ತಾರೆ.

ಒಂದು ಶನಿವಾರ ಅವಳನ್ನು ಕರೆದುಕೊಂಡು ಡ್ಯಾಂಡಿನಾಂಗ್ ಮಾರುಕಟ್ಟೆಗೆ ಹೋಗಿದ್ದೆ. ನುಗ್ಗೆಕಾಯಿ, ಕೊತ್ತಂಬರಿ ಎಲ್ಲ ನನ್ನ ಚಕ್ರದ ಚೀಲಕ್ಕೆ ತುಂಬಿ ಸ್ಟೇಷನ್ನಿಗೆ ಬಂದೆವು. ಗೇಟಿನ ಬಳಿ ರೈಲ್ವೆಯ ಕಾವಲು ಅಧಿಕಾರಿಗಳಿಬ್ಬರು ನಿಂತಿದ್ದರು. ಭಾಗ್ಯ ಟಿಕೆಟ್ ಕಾರ್ಡ್ ಹುಡುಕುತ್ತಾ ತನ್ನ ಹ್ಯಾಂಡ್‌ಬ್ಯಾಗ್ ತಡಕಿದಳು. ಅದರಿಂದ ಲಿಪ್‌ಸ್ಟಿಕ್ಕಿಗಿಂತ ತುಸು ದಪ್ಪದ ಗುಲಾಬಿ ಬಣ್ಣದ ಡಬ್ಬಿಯೊಂದು ಜಾರಿ ನನ್ನ ಚೀಲದ ಕೊತ್ತಂಬರಿಯ ಮೇಲೆ ಬಿತ್ತು. ಅದರ ಮೇಲೆ ಕೆಂಪು ಮೆಣಸಿನಕಾಯಿಯ ಚಿತ್ರವಿತ್ತು.

ಪೆಪ್ಪರ್ ಸ್ಪ್ರೇ! ನಮ್ಮ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಅದು ನಿಷೇಧಿತ ಆಯುಧ. ಸಿಡ್ನಿಯಲ್ಲೂ ಹಾಗೆಯೇ. ಆತ್ಮರಕ್ಷಣೆಗೆ ಎಂದರೆ ಕೇಳುವುದಿಲ್ಲ, ಆ ಮಾತಿನಿಂದ ಇನ್ನೂ ಸಿಕ್ಕಿಬೀಳುತ್ತೇವೆ. ನಾನು ಕೊತ್ತಂಬರಿಯನ್ನು ಅದರ ಮೇಲೆ ಎಳೆದೆ. ಅಧಿಕಾರಿಗಳಲ್ಲಿ ಒಬ್ಬ ನಮ್ಮ ಕಡೆ ನೋಡಿ ನಕ್ಕು, ಇವತ್ತು ಏನು ಅಡಿಗೆ ಎಂದು ಕೇಳಿದ. ಸಾಂಬಾರು ಎಂದೆ. ದನಿ ಎಷ್ಟು ಕಿರಿದಾಗಿತ್ತೆಂದರೆ ನನಗೇ ಕೇಳಿಸಲಿಲ್ಲ. ಕ್ರಾನ್‌ಬರ್ನ್‌ವರೆಗೂ ಆ ಚೀಲವನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿದು ಕೂತಿದ್ದೆ. ಅಷ್ಟು ವರ್ಷ ಕೌಂಟರಿನಲ್ಲಿ ಕೂತು ಪಡದ ಹೆದರಿಕೆಯನ್ನು ಆ ರೈಲಿನಲ್ಲಿ ಪಟ್ಟೆ.

ಮನೆಗೆ ಬಂದು ಬಾಗಿಲು ಹಾಕಿ ಅವಳ ಮೇಲೆ ಹರಿಹಾಯ್ದೆ. "ಏನಿದು? ತಲೆ ಸರಿ ಉಂಟಾ ನಿಂಗೆ?"

"ನಮ್ಮವ್ವ ಕೊಟ್ಟಿದ್ರಿ ಆಂಟಿ" ಎಂದಳು ಗಾಬರಿಯಾಗಿ. "ಹುಬ್ಬಳ್ಳಿಗೆ ಕಾಲೇಜಿಗೆ ಹೋಗುವಾಗಿಂದ ಬ್ಯಾಗ್‌ನ್ಯಾಗ ಇರ್ತೈತ್ರಿ. ನಮ್ಮ ಕಡೆ ಎಲ್ಲಾ ಹುಡುಗ್ಯಾರೂ ಇಟ್ಕೊಂತಾರ."

ನಿಜವೇ. ಊರಲ್ಲಿ ಮಗಳು ಕೆಲಸಕ್ಕೆ ಹೊರಟರೆ ಬುತ್ತಿ, ಕೊಡೆ, ಈ ಡಬ್ಬಿ. ತಾಯಿ ಪ್ರೀತಿಯಿಂದಲೇ ಹಾಕಿ ಕಳಿಸಿದ್ದಳು. ವಿಮಾನ ನಿಲ್ದಾಣದಲ್ಲಿ ಉಪ್ಪಿನಕಾಯಿಯನ್ನು ಮೂಸಿ ನೋಡಿದ ಅಧಿಕಾರಿಗಳು ಇದನ್ನು ನೋಡಿರಲಿಲ್ಲ ಅಷ್ಟೇ.

"ಇದು ಸಿಕ್ಕಿದ್ರೆ ಕೇಸ್ ಆಗ್ತದೆ ಮಗಾ. ನಿನ್ನ ಪಿಆರ್ ಕಥೆ ಮುಗೀತದೆ."

ಭಾಗ್ಯಳ ಕಣ್ಣು ತುಂಬಿತು. ಅಂಗಡಿಗೆ ಒಬ್ಬ ಬರುತ್ತಾನಂತೆ. ನೀಲಿ ಟೋಪಿ. ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೇಳುತ್ತಾನೆ. ಕೊಡುವುದಿಲ್ಲ ಎಂದರೆ ಕೌಂಟರಿನ ಮೇಲೆ ಬಾಗಿ, ನೀನು ಎಷ್ಟು ಗಂಟೆಗೆ ಮನೆಗೆ ಹೋಗುತ್ತೀ ಎಂದು ಕೇಳುತ್ತಾನೆ. ದಿನೇಶ್ ಭಾಯ್‌ಗೆ ಹೇಳಿದರೆ, ಗಿರಾಕಿ ಅಲ್ಲವೇ, ನಕ್ಕು ಮಾತಾಡು ಎಂದನಂತೆ.

"ಹಿಂದ ಬಾಗಿಲಿಲ್ಲೇನು?" ಎಂದು ಅವಳ ಮಾತಿನ ಧಾಟಿಯಲ್ಲೇ ಕೇಳಿದೆ.

"ಐತ್ರಿ. ಅದರ ಮುಂದ ಡಯಾಪರ್ ಬಾಕ್ಸ್ ಒಟ್ಟ್ಯಾರ. ತೆಗೀರಿ ಅಂತ ನಾ ಹೆಂಗ ಹೇಳ್ಲಿ? ನನ್ನ ಪಿಆರ್ ಅವರ ಕೈಯಾಗ ಐತಿ." ಮೂಗು ಒರೆಸಿಕೊಂಡು, "ಆ ಬಾಕ್ಸ್ ತೆಗ್ಸ್ರಿ ಆಂಟಿ. ಅವತ್ತ ಈ ಡಬ್ಬಿ ನಿಮ್ಮ ಕೈಯಾಗ ಕೊಡ್ತೀನಿ. ಅಲ್ಲೀತನಕ ಕೊಡಂಗಿಲ್ಲ" ಎಂದಳು.

ಡಬ್ಬಿ ಇಟ್ಟುಕೊಂಡರೆ ಪಿಆರ್‌ಗೆ ಕುತ್ತು. ಬಿಟ್ಟರೆ ಜೀವಕ್ಕೆ. ಬಾಯಿ ಬಿಟ್ಟು ಕೇಳಿದರೆ ಕೆಲಸಕ್ಕೆ. ಅವಳಿಗೆ ಬೈದ ನಾಲಿಗೆಯನ್ನು ಕಚ್ಚಿಕೊಂಡೆ.

ಮರುದಿನದಿಂದ ನಾನು ದಿನೇಶ್ ಭಾಯ್‌ಗೆ ಗಂಟುಬಿದ್ದೆ. ನನ್ನ ಬಿಪಿ ಮಾತ್ರೆ ಅಲ್ಲಿಂದಲೇ ಬರುವುದು, ಹೋಗಲು ನೆಪ ಬೇಕಿರಲಿಲ್ಲ. ಬಾಕ್ಸ್ ಯಾಕೆ ಅಲ್ಲಿ ಎಂದು ಕೇಳಿದರೆ, "ಆಂಟೀಜಿ, ಜಾಗ ಎಲ್ಲಿದೆ ಹೇಳಿ, ನಿಮ್ಮ ಮನೆಯಲ್ಲಿ ಇಡಲೇ?" ಎಂದು ಹಿಂದಿಯಲ್ಲಿ ಹೇಳಿ ನಗುತ್ತಿದ್ದ. ಕೆಟ್ಟವನಲ್ಲ. ಬಾಡಿಗೆ, ಮಾರ್ಟ್‌ಗೇಜ್ ಎಂದು ತಲೆಬಿಸಿಯಲ್ಲಿರುವವನು. ಕೆಲಸದ ಜಾಗದ ಸುರಕ್ಷತೆ ನೋಡುವ ಇಲಾಖೆಗೆ ದೂರು ಕೊಡೋಣವೆಂದು ಫೋನ್ ಎತ್ತಿದೆ, ದೂರು ಯಾರದೆಂದು ಅವನಿಗೆ ಹೊಳೆದರೆ ಹುಡುಗಿಯ ಗತಿಯೇನು ಎಂದು ಇಟ್ಟೆ. ರಾತ್ರಿ ನಿದ್ದೆಯಿಲ್ಲ. ವಿಲ್ಫ್ರೆಡ್ ಹೊದಿಕೆ ಎಳೆದುಕೊಂಡು, "ರಿಟೈರ್ ಆದವಳು ನೀನಾ ನಾನಾ?" ಎಂದರು.

ಕೊನೆಗೆ ನನಗೆ ಬರುವುದು ಒಂದೇ ವಿದ್ಯೆ, ಅದನ್ನೇ ಹೂಡಿದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೋಗಿ, "ದಿನೇಶ್ ಭಾಯ್, ಒಂದು ಆಟ ಆಡುವ. ನಾನು ಕಳ್ಳಿ. ಕೈಯಲ್ಲಿ ಚಾಕು ಉಂಟು. ನೀವು ಓಡಿ" ಎಂದೆ. ಅವನು ನಕ್ಕ. ನಾನು ಕೊಡೆ ಹಿಡಿದು, ಕೌಂಟರಿನ ಮಡಚುವ ಹಲಗೆಯನ್ನು ಮೇಲಕ್ಕೆ ಸರಿಸಿ ಒಳಗೇ ನುಗ್ಗಿದೆ. ಅವನು ನಗುತ್ತಲೇ ಹಿಂದಕ್ಕೆ ಓಡಿದ. ಮೊದಲ ಬಾಕ್ಸಿಗೆ ಎಡವಿದ, ಎರಡನೆಯದು ಅವನ ಮೇಲೆ ಬಿತ್ತು. ಬಾಗಿಲಿನ ಹಿಡಿಕೆಗೆ ಕೈ ಚಾಚಿದ, ಎಟುಕಲಿಲ್ಲ. ನಾನು ಕೊಡೆಯ ತುದಿಯನ್ನು ಅವನ ಹೊಟ್ಟೆಗೆ ತಾಗಿಸಿ ನಿಂತೆ. "ಶನಿವಾರ ಇಲ್ಲಿ ಯಾರು ನಿಲ್ಲುದು?" ಎಂದು ಕೇಳಿದೆ.

ಶನಿವಾರ ನಿಲ್ಲುವುದು ಅವನ ಹೆಂಡತಿ.

ಅವನ ನಗು ನಿಂತಿತು. ಎದ್ದು ಅಂಗಿ ಕೊಡವಿಕೊಂಡು ಬಾಕ್ಸ್ ಎತ್ತತೊಡಗಿದ. ಭಾಗ್ಯಳೂ ಕೈ ಹಾಕಿದಳು. ಸಂಜೆಯೊಳಗೆ ಹಿಂದಿನ ಕೋಣೆಯ ಬಾಗಿಲು ಪೂರ್ತಿ ಕಾಣುತ್ತಿತ್ತು. ಒಳಗಿನ ಚಿಲಕಕ್ಕೆ ಎಣ್ಣೆಯನ್ನೂ ಬಿಟ್ಟ.

ಆ ದಿನವೇ ಭಾಗ್ಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಪೊಲೀಸ್ ಠಾಣೆಗೆ ಫೋನ್ ಮಾಡಿ, ಹೀಗೊಂದು ವಸ್ತು ಇದೆ, ಹೇಗೆ ಒಪ್ಪಿಸುವುದು ಎಂದು ವಿಚಾರಿಸಿದೆ. ಅವರು ಹೇಳಿದ ಹಾಗೆ ಸುತ್ತಿ, ವಿಲ್ಫ್ರೆಡ್ ಜೊತೆ ಹೋಗಿ ಕೊಟ್ಟು ಬಂದೆ. ಅಲ್ಲಿನ ಹುಡುಗಿ, ಇಂಥವು ಬರುತ್ತಲೇ ಇರುತ್ತವೆ ಎಂದು ತೆಗೆದಿಟ್ಟುಕೊಂಡಳು. ಬದಲಿಗೆ ಭಾಗ್ಯಳಿಗೆ ನನ್ನದರಂಥದೇ ಪಿನ್ ಎಳೆಯುವ ಅಲಾರಂ ಕೊಡಿಸಿದೆ. ಮನೆಯ ಹಾಲ್‌ನಲ್ಲಿ ಸೋಫಾವನ್ನು ಕೌಂಟರ್ ಮಾಡಿ ಅವಳನ್ನು ಎಷ್ಟು ಸಲ ಓಡಿಸಿದೆನೋ. "ಒಳಗೆ ಹೋಗು, ಮುಚ್ಚು, ತಿರುಗಿ ನೋಡ್ಬೇಡ." ಅವಳು ಹೂಂ ಎನ್ನುತ್ತಿದ್ದಳು.

ಹಾವೇರಿಯಿಂದ ಅವಳ ತಾಯಿ ನನಗೇ ಫೋನ್ ಮಾಡಿದರು. "ನನ್ನ ಮಗಳ ಕೈಯಾಗಿಂದು ಕಸಗೊಂಡೀರಿ ಅಂತಲ್ರೀ ಅಕ್ಕಾರ? ನಾಳೆ ಏನರ ಆದ್ರ ಯಾರು ಹೊಣಿ?" ನಾನೇ ಎಂದೆ. ಅಲ್ಲಿಂದ ನೀಲಿ ಟೋಪಿಯವನು ಬರುವ ಹೊತ್ತಿಗೆ ನಾನೂ ಅಂಗಡಿಯಲ್ಲಿ ಹೋಗಿ ಕೂರತೊಡಗಿದೆ. ಬಿಪಿ ನೋಡುವ ಯಂತ್ರದ ಪಕ್ಕದ ಕುರ್ಚಿ ನನ್ನದಾಯಿತು. ನೋಡಿದಾಗಲೆಲ್ಲ ಬಿಪಿ ಏರಿಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ಅವನು ಬಂದ. ಅಂಗಡಿಯಲ್ಲಿ ನಾನು, ಭಾಗ್ಯ ಇಬ್ಬರೇ, ದಿನೇಶ್ ಭಾಯ್ ಹಿಂದಿನ ಕೋಣೆಯಲ್ಲಿ ಫೋನಿನಲ್ಲಿದ್ದ. ಬಂದವನ ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್. ಅದನ್ನು ಕೌಂಟರಿನ ಮೇಲೆ ಕುಟ್ಟುತ್ತಾ ಮಾತ್ರೆ ಕೇಳಿದ. ಭಾಗ್ಯ ಒಂದು ಹೆಜ್ಜೆ ಹಿಂದೆ ಸರಿದಳು. ಅಂಗೈಗಳನ್ನು ತೋರಿಸಿದಳು. ತಗ್ಗಿದ ದನಿಯಲ್ಲಿ, ಒಳಗೆ ಕೇಳಿಕೊಂಡು ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತಿರುಗಿದಳು, ನಡೆದಳು, ಬಾಗಿಲು ತೆರೆದಳು. ಒಂದು ಅಕ್ಷರವೂ ತಪ್ಪಿಲ್ಲ. ಹುಡುಗಿ ಬದುಕಿದಳು ಎಂದುಕೊಂಡೆ.

ಆಗ ಅವನಿಗೆ ಮೋಸ ಗೊತ್ತಾಯಿತು. ಬೈದುಕೊಂಡು ತಿರುಗಿದವನ ಕಣ್ಣಿಗೆ ಬಿದ್ದವಳು ನಾನು. ಹೊರಗಿನ ಬಾಗಿಲಿಗೆ ಅವನೇ ಅಡ್ಡ. ನನ್ನ ಬೆನ್ನ ಹಿಂದೆ ಬಿಪಿ ಯಂತ್ರ, ಅದರ ಹಿಂದೆ ಗೋಡೆ. ಊರಿಗೆಲ್ಲ ಬಾಗಿಲು ತೋರಿಸಿದವಳು ನನ್ನ ಕುರ್ಚಿ ಎಲ್ಲಿದೆ ಎಂದು ನೋಡಿರಲಿಲ್ಲ. ಮಾತಾಡಬೇಕು, ದನಿ ಬರಲಿಲ್ಲ. ಚೀಲದಲ್ಲಿ ಅಲಾರಂ ಇತ್ತು, ಬೆರಳು ಪಿನ್ನಿನ ಬಳಿ ಹೋಗಿ ನಿಂತುಬಿಟ್ಟಿತು. ಇನ್ನೇನು ಆ ಸದ್ದು ಕೇಳುತ್ತದೆ, ಟಕ್ ಎನ್ನುತ್ತದೆ ಎಂದು ಕಾಯುತ್ತಿದ್ದೆ. ಸ್ಕ್ರೂಡ್ರೈವರಿಗಿಂತ ಅದಕ್ಕೇ ಹೆದರಿದ್ದೆ.

ಸದ್ದು ಬರಲಿಲ್ಲ. ಒಳಗಿನಿಂದ ದಿನೇಶ್ ಭಾಯ್, "ಬಂದ್ ಕರೋ! ದರ್ವಾಜಾ ಬಂದ್ ಕರೋ!" ಎಂದು, ಬಾಗಿಲು ಮುಚ್ಚಲು ಕೂಗುತ್ತಿದ್ದ. ಭಾಗ್ಯ ಬಾಗಿಲಿಗೆ ಕಾಲು ಕೊಟ್ಟು ನಿಂತಿದ್ದಳು. ತನ್ನ ಅಲಾರಮ್ಮಿನ ಪಿನ್ ಕಿತ್ತು, ಅದನ್ನು ನನ್ನ ತಲೆಯ ಮೇಲಿಂದ ಅಂಗಡಿಯ ದೂರದ ಮೂಲೆಗೆ, ಶಾಂಪೂ ಬಾಟಲಿಗಳ ಸಾಲಿಗೆ ಎಸೆದಳು. ಅದು ಅಲ್ಲಿ ಬಿದ್ದು ಕಿರುಚತೊಡಗಿತು. ಬಾಟಲಿಗಳು ಉರುಳಿದವು. ಅವನು ಬೆಚ್ಚಿ ಆ ಕಡೆ ತಿರುಗಿದ.

"ಆಂಟೀ! ಬರ್ರಿ! ಬರ್ರೀ ಲಗೂನ!"

ನನ್ನ ಮೊಣಕಾಲು ಮೆಟ್ಟಿಲು ಹತ್ತುವುದಕ್ಕೇ ಗೋಳಾಡುವಂಥದ್ದು. ಆ ದಿನ ಅದು ಹೇಗೆ ಬಾಗಿತೋ, ನಾನು ಕೌಂಟರಿನ ಹಲಗೆಯ ಕೆಳಗೆ ಹೇಗೆ ನುಸುಳಿದೆನೋ. ಭಾಗ್ಯ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಆಮೇಲೆ ಬಾಗಿಲು ಮುಚ್ಚಿತು. ಟಕ್ ಎಂದಿತು. ಈ ಸಲ ನಾನು ಒಳಗಿದ್ದೆ.

ಅವನು ಒಂದೆರಡು ಸಲ ಬಾಗಿಲಿಗೆ ಒದ್ದು, ಅಲಾರಮ್ಮಿನ ಕಿರುಚಾಟ ತಾಳದೆ ಹೊರಗೆ ಓಡಿದ. ಪೊಲೀಸರು ಬಂದರು, ಪಕ್ಕದ ರಸ್ತೆಯಲ್ಲೇ ಸಿಕ್ಕಿದನೆಂದರು. ನಿಮ್ಮಲ್ಲಿ ಯಾರಾದರೂ ಏನನ್ನಾದರೂ ಬಳಸಿದಿರಾ, ಏನಾದರೂ ಇಟ್ಟುಕೊಂಡಿದ್ದೀರಾ ಎಂದು ಕೇಳಿದರು. ಭಾಗ್ಯ ತನ್ನ ಚೀಲವನ್ನು ತಾನೇ ತೆರೆದು ತೋರಿಸಿದಳು. ಬುತ್ತಿ ಡಬ್ಬಿ, ಟಿಕೆಟ್ ಕಾರ್ಡ್, ಬಾಚಣಿಗೆ.

ದಿನೇಶ್ ಭಾಯ್ ತಲೆ ತಗ್ಗಿಸಿ ಕೂತಿದ್ದ. ತನ್ನ ಮಾತು ಮೀರಿದ್ದಕ್ಕೆ ಅವಳ ಮೇಲೆ ಮುನಿಯುತ್ತಾನೇನೋ, ಪಿಆರ್ ಏನಾಗುತ್ತದೋ ಎಂದು ನನಗೆ ಹೊಸ ಪುಕಪುಕ ಶುರುವಾಯಿತು. ಅವನು ಎದ್ದು ನನ್ನ ಕುರ್ಚಿಯನ್ನು ಬಿಪಿ ಯಂತ್ರದ ಬಳಿಯಿಂದ ಎತ್ತಿ ಹಲಗೆಯ ಪಕ್ಕಕ್ಕೆ ತಂದಿಟ್ಟ. ಅಷ್ಟೇ ಮಾಡಿದ್ದು. ಮುಂದೆ ಪಿಆರ್ ಬರುವವರೆಗೂ ಆ ವಿಷಯ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ನನ್ನ ದನಿ ವಾಪಸು ಬಂತು. ಬಂದದ್ದೇ ಅವಳನ್ನು ಹಿಡಿದುಕೊಂಡೆ. "ಎಷ್ಟು ಸಲ ಹೇಳಿದ್ದೆ ನಿಂಗೆ? ಮುಚ್ಚು ಅಂತ ಹೇಳಿದ್ದಾ ಇಲ್ವಾ? ತಿರುಗಿ ನೋಡ್ಬೇಡ ಅಂತ ಹೇಳಿದ್ದಾ ಇಲ್ವಾ? ಅವ ಒಳಗೆ ನುಗ್ಗಿದ್ರೆ? ನಿನ್ನ ಅಮ್ಮನಿಗೆ ನಾನು ಎಂತ ಹೇಳುದು? ಯಾರು ಹೇಳಿದ್ರು ನಿಂಗೆ ನಿಲ್ಲು ಅಂತ?"

ಭಾಗ್ಯ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು. "ನೀವು ಹೊರಗ ಇದ್ರಲ್ರಿ ಆಂಟಿ" ಎಂದಳು.

ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೆಗಲ ಎಲುಬು ಮುರಿದ ದಿನವೂ ಹಾಗೆ ಅತ್ತಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರು ಈಗಲೂ ಕೆಲವರು ಮನೆಗೆ ಬರುತ್ತಾರೆ. ಸೋಫಾ ಸರಿಸಿ ಓಡಿಸುತ್ತೇನೆ. ಒಳಗೆ ಹೋಗಿ, ಮುಚ್ಚಿಕೊಳ್ಳಿ, ತಿರುಗಿ ನೋಡಬೇಡಿ ಎಂದೇ ಹೇಳುತ್ತೇನೆ, ಅದೇ ಸರಿ. ಹೇಳುವಾಗ ಭಾಗ್ಯ ಮನೆಯಲ್ಲಿದ್ದರೆ ಅವಳ ಮುಖ ನೋಡಲು ನನ್ನಿಂದ ಆಗುವುದಿಲ್ಲ.